ಮುಳ್ಳು ನಿಲ್ಲುವ ಮೊದಲು

ಆ ಅಳತೆಕೋಣೆಯ ಗೋಡೆಗೆ ಹನ್ನೊಂದು ನಿಯಮಗಳನ್ನು ಅಂಟಿಸಿದ್ದರು. ಅವುಗಳಲ್ಲಿ ಹತ್ತನ್ನು ಮುರಿದವರಿಗೆ ದೊಡ್ಡಮ್ಮನಿಂದ ಒಂದೆರಡು ಬೈಗುಳ ಸಿಕ್ಕಿ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಏಳನೆಯದನ್ನು ಮುರಿಯುವ ಎದೆಗಾರಿಕೆ ಮಾತ್ರ ಯಾರಿಗೂ ಇರಲಿಲ್ಲ. ಮೀಟರಿನ ಮುಳ್ಳು ಸರಿದಾಡುವುದನ್ನು ನಿಲ್ಲಿಸುವವರೆಗೆ ಕಾಯಬೇಕು. ಕಾಯುವಾಗ ಐದು ನಿಮಿಷಕ್ಕೊಮ್ಮೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಬೇಕು. ಮುಳ್ಳು ನಿಂತ ಮೇಲೆ ಬಂದ ಅಂಕಿಯನ್ನಷ್ಟೇ ಶಾಯಿಯಲ್ಲಿ ಬರೆಯಬೇಕು. ಇದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಆ ಅರ್ಧ ಗಂಟೆಗಳಲ್ಲಿ ಕೆಲವರು ಚಹಾ ಕುಡಿದಿದ್ದರು, ಕೆಲವರು ಉಗುರು ಕತ್ತರಿಸಿಕೊಂಡಿದ್ದರು, ಒಬ್ಬಾತ ಕಾಗದ ಬರೆದು ಬರೆದೇ ಮದುವೆ ಕುದುರಿಸಿಕೊಂಡಿದ್ದನಂತೆ. ಇಷ್ಟು ಹೊತ್ತು ಯಾಕೆ ಎಂದು ಕೇಳಿದವರಿಗೆ ದೊಡ್ಡಮ್ಮನ ಉತ್ತರ ಸಿದ್ಧವಿತ್ತು: ಎಲೆಕ್ಟ್ರಾನ್ ಎಸೆಯುವ ಗನ್ನು ಬಿಸಿಯಾಗಿ ಒಂದು ಹದಕ್ಕೆ ಬರಬೇಡವೇ?

ಆಕೆಯನ್ನು ದೊಡ್ಡಮ್ಮ ಎಂದು ಕರೆಯುವ ಹಕ್ಕು ಅಲ್ಲಿದ್ದದ್ದು ಒಬ್ಬಳಿಗೇ. ಅವಳು ದೊಡ್ಡಮ್ಮನ ತಂಗಿಯ ಮಗಳು, ಮೂರು ವರ್ಷದಿಂದ ಅದೇ ಕೋಣೆಯಲ್ಲಿ ಅಳತೆ ತೆಗೆಯುವವಳು. ಮಾತು ಬಂದ ದಿನದಿಂದ ಕಂಡದ್ದಕ್ಕೆಲ್ಲ ಯಾಕೆ ಯಾಕೆ ಎಂದು ಪ್ರಾಣ ತಿನ್ನುತ್ತಿದ್ದುದರಿಂದ ಮನೆಯವರು ಅವಳಿಗೆ ಯಾಕಮ್ಮ ಎಂದೇ ಹೆಸರಿಟ್ಟಿದ್ದರು. ಕೆಲಸ ಸಿಕ್ಕ ಮೇಲೆ ದೊಡ್ಡಮ್ಮನ ಮನೆಯಲ್ಲೇ ಉಳಿದುಕೊಂಡಿದ್ದಳು. ಬೆಳಿಗ್ಗೆ ದೊಡ್ಡಮ್ಮ, ದೊಡ್ಡಪ್ಪ, ಅವಳು, ಮೂವರೂ ಒಂದೇ ಬಾಗಿಲಿಗೆ ಬೀಗ ಹಾಕಿ ಹೊರಟು, ಪ್ರಯೋಗಾಲಯದ ಗೇಟು ದಾಟಿದ ಕೂಡಲೇ ಯಾರೋ ಏನೋ ಎಂಬಂತೆ ಬೇರೆಯಾಗುತ್ತಿದ್ದರು. ಗೇಟಿನ ಒಳಗೆ ದೊಡ್ಡಮ್ಮ ಅಳತೆಕೋಣೆಯ ಮುಖ್ಯಸ್ಥೆ, ಎಲ್ಲರಿಗೂ ಮೇಡಂ. ದೊಡ್ಡಪ್ಪನಿಗೂ ಮೇಡಂ. ದೊಡ್ಡಪ್ಪ ನೆಲಮಾಳಿಗೆಯ ಸ್ಟೋರಿನ ಕಿಟಕಿಯ ಹಿಂದೆ ಕೂತು, ಚೀಟಿ ತಂದವರಿಗೆ ಸ್ಕ್ರೂ, ಕೈಗವಸು, ತಂತಿ ಎಣಿಸಿ ಕೊಡುವವನು.

ಅವನು ಮೊದಲು ಸ್ಟೋರಿನವನಾಗಿರಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಮೇಲಿನ ಮಹಡಿಯ ಕಮ್ಮಟದಲ್ಲಿ ರೇಡಿಯೋ ಅಲೆ ಹಾಯಿಸುವ ತಾಮ್ರದ ಟ್ಯೂಬುಗಳನ್ನು ಕಟ್ಟುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಆ ಕಮ್ಮಟದಲ್ಲಿ ನಡೆಯುವುದಿಲ್ಲ. ಅಲ್ಲಿ ಕೈ ಕೆಸರಾದರೆ ಕೆಲಸಕ್ಕೇ ಕುತ್ತು. ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ತೆಗೆದ ಟ್ಯೂಬಿನಲ್ಲಿ ಒಂದು ಬೆರಳಿನ ಗುರುತು ಉಳಿದರೂ ಅದು ಕಾಟ ಕೊಡುತ್ತದೆ. ದೊಡ್ಡಪ್ಪ ಕಟ್ಟಿದ ಒಂದು ದೊಡ್ಡ ಟ್ಯೂಬು ತೊಂಬತ್ತು ವ್ಯಾಟಿನವರೆಗೆ ತಣ್ಣಗಿರಬೇಕಾದದ್ದು, ನಲವತ್ತಕ್ಕೇ ಒಳಗೆ ನೇರಳೆ ಬೆಳಕು ಹೊತ್ತಿಸಿಕೊಂಡು ಕೂತಿತು. ತಪ್ಪು ತಾಮ್ರದ್ದೇ ಎಂದು ಅವನು ಹೇಳಿದ. ಅಲ್ಲ ಎಂದು ದೊಡ್ಡಮ್ಮನ ಕೋಷ್ಟಕ ಹೇಳಿತು. ವಿಚಾರಣೆಯ ವರದಿಯಲ್ಲಿ 'ಜೋಡಣೆಯಲ್ಲಿ ಅಶುಚಿ' ಎಂಬ ಎರಡು ಪದ ಬಿತ್ತು, ಅದರ ಕೆಳಗೆ ದೊಡ್ಡಮ್ಮನ ಸಹಿ ಬಿತ್ತು, ದೊಡ್ಡಪ್ಪ ನೆಲಮಾಳಿಗೆಗೆ ಇಳಿದ. ಬರುವ ಶನಿವಾರ ಅವನ ನಿವೃತ್ತಿ. ಆ ಎರಡು ಪದ ಅವನ ಸೇವಾ ಪುಸ್ತಕದಲ್ಲಿ ಇನ್ನೂ ಹಾಗೇ ಇದ್ದವು.

ಇಷ್ಟಕ್ಕೂ ಆ ಕೋಷ್ಟಕದಲ್ಲಿ ಇದ್ದದ್ದೇನು? ಬಹಳ ಸರಳವಾದ ಒಂದು ಚೇಷ್ಟೆಯ ಲೆಕ್ಕ. ಲೋಹದ ಮೇಲೆ ಒಂದು ಎಲೆಕ್ಟ್ರಾನನ್ನು ಜೋರಾಗಿ ಎಸೆದರೆ ಅದು ಒಳಗೆ ನುಗ್ಗಿ, ಅಲ್ಲಿ ಸುಮ್ಮನೆ ಇದ್ದ ಬೇರೆ ಎಲೆಕ್ಟ್ರಾನುಗಳನ್ನು ಎಬ್ಬಿಸಿ ಹೊರಗೆ ಓಡಿಸುತ್ತದೆ. ಒಂದು ಹೋದರೆ ಕೆಲವು ಲೋಹಗಳಲ್ಲಿ ಒಂದೂಕಾಲು ಬರುತ್ತವೆ, ಕೆಲವದರಲ್ಲಿ ಎರಡು ಬರುತ್ತವೆ. ಸರಾಸರಿ ಲೆಕ್ಕ ಇದು, ಕಾಲು ಎಲೆಕ್ಟ್ರಾನನ್ನು ಯಾರೂ ಕಂಡವರಿಲ್ಲ. ಹೊರಬರುವವೆಲ್ಲ ತೀರ ಮೇಲಿನ ಪದರದವು, ಅಂದರೆ ಲೋಹದ ಚರ್ಮದವು. ಹಾಗಾಗಿ ಚರ್ಮ ಹೇಗಿದೆಯೋ ಅಂಕಿ ಹಾಗೆ. ಟ್ಯೂಬಿನೊಳಗೆ ಈ ಗೋಡೆಯಿಂದ ಹೊರಟ ಎರಡು ಆ ಗೋಡೆಗೆ ಬಡಿದು ನಾಲ್ಕಾಗಿ, ನಾಲ್ಕು ಎಂಟಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಸಂತೆಯೇ ನೆರೆದುಬಿಟ್ಟರೆ ನೇರಳೆ ಬೆಳಕು ಹೊತ್ತುತ್ತದೆ. ಯಾವ ಲೋಹ ಒಂದಕ್ಕೆ ಎಷ್ಟು ಕೊಡುತ್ತದೆ ಎಂಬುದನ್ನು ದೊಡ್ಡಮ್ಮ ಇಪ್ಪತ್ತಾರು ವರ್ಷ ಕೂತು ಅಳೆದಿದ್ದಳು. ತಾಮ್ರಕ್ಕೆ ಅವಳ ಅಂಕಿ ಒಂದು ಪಾಯಿಂಟ್ ಮೂರು. ಮೂರು ಮಹಡಿಯ ಆ ಕಟ್ಟಡದಲ್ಲಿ ಅದಕ್ಕೆ ಎದುರು ಮಾತಿರಲಿಲ್ಲ.

ಸೋಮವಾರ ಯಾಕಮ್ಮ ಒಂದು ಹೊಸ ತಾಮ್ರದ ಬಿಲ್ಲೆಯನ್ನು ಪೆಟ್ಟಿಗೆಯೊಳಗೆ ಇಟ್ಟು, ಗಾಳಿ ತೆಗೆದು, ಗನ್ನಿನ ಕಿರಣವನ್ನು ಬಿಲ್ಲೆಯ ನಡುವಿಗೆ ಬಿಟ್ಟು ಕಾಯುತ್ತ ಕೂತಳು. ಈ ಮೀಟರಿನ ಮುಳ್ಳಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಬಿಲ್ಲೆ ತಾನು ಪಡೆದದ್ದಕ್ಕಿಂತ ಹೆಚ್ಚು ಹೊರಗೆ ಬಿಟ್ಟರೆ ಅದು ಸೊನ್ನೆಯ ಎಡಗಡೆಗೆ ಓಡುತ್ತಿತ್ತು, ಹೆಚ್ಚು ಬಿಟ್ಟಷ್ಟೂ ದೂರ. ಎಂದಿನಂತೆ ದೂರದಿಂದ ಶುರುವಾಗಿ, ಮೆಲ್ಲಗೆ ಸೊನ್ನೆಯ ಕಡೆ ತೆವಳಿ, ಮೂವತ್ತೆರಡನೇ ನಿಮಿಷಕ್ಕೆ ನಿಂತಿತು. ಒಂದು ಪಾಯಿಂಟ್ ಮೂರು. ಅವಳು ಶಾಯಿಯ ಪೆನ್ನು ತೆಗೆದುಕೊಳ್ಳಲು ಕೈ ಚಾಚಿದಾಗ ಮೊಣಕೈ ಒಂದು ತಿರುಗಣೆಗೆ ತಾಗಿತು, ಬಿಲ್ಲೆ ಎರಡು ಮಿಲಿಮೀಟರ್ ಪಕ್ಕಕ್ಕೆ ಸರಿಯಿತು. ಮುಳ್ಳು ಮತ್ತೆ ಎಡಕ್ಕೆ ಓಡಿಹೋಯಿತು. ಅಲ್ಲಿಂದ ಪುನಃ ಮೊದಲಿನಿಂದ ತೆವಳತೊಡಗಿತು.

ಬೇರೆ ಯಾರಾದರೂ ಆಗಿದ್ದರೆ ತಿರುಗಣೆಯನ್ನು ಹಿಂದಕ್ಕೆ ತಂದು, ಯಾರೂ ನೋಡಲಿಲ್ಲವಲ್ಲ ಎಂದು ಅತ್ತಿತ್ತ ನೋಡಿ, ಅಂಕಿ ಬರೆದು ಊಟಕ್ಕೆ ಹೋಗುತ್ತಿದ್ದರು. ಯಾಕಮ್ಮ ಪೆನ್ನನ್ನು ಬಾಯಲ್ಲಿ ಕಚ್ಚಿಕೊಂಡು ಕೂತಳು. ಗನ್ನು ಬಿಸಿಯಾಗಿ ಅರ್ಧ ಗಂಟೆ ಆಗಿದೆ. ಅದು ಆರಿಲ್ಲ, ಅದನ್ನು ಯಾರೂ ಮುಟ್ಟಿಲ್ಲ. ಹಾಗಿದ್ದ ಮೇಲೆ ಇನ್ನೊಮ್ಮೆ ಹದಕ್ಕೆ ಬರಬೇಕಾದದ್ದು ಯಾರು?

ಅವಳು ಊಟ ಬಿಟ್ಟಳು. ಮೊದಲ ಜಾಗಕ್ಕೆ ಕಿರಣವನ್ನು ಮರಳಿ ತಂದಳು; ಮುಳ್ಳು ಕದಲದೆ ಒಂದು ಪಾಯಿಂಟ್ ಮೂರರಲ್ಲೇ ನಿಂತಿತು. ಇನ್ನೂ ಕಿರಣ ಬೀಳದ ಅಂಚಿಗೆ ಒಯ್ದಳು. ಎರಡು ಪಾಯಿಂಟ್ ಒಂದು. ಹತ್ತು ನಿಮಿಷ ಕಿರಣ ಬಿದ್ದಿದ್ದ ಎರಡನೆಯ ಜಾಗದಲ್ಲಿ ಒಂದು ಪಾಯಿಂಟ್ ಆರು. ಮಂಗಳವಾರ ಇನ್ನೂ ಮುಂದೆ ಹೋದಳು. ಕಿರಣವನ್ನು ಬಿಲ್ಲೆಗೆ ತಾಗಿಸದೆ ಪಕ್ಕದ ಪುಟ್ಟ ಬಟ್ಟಲಿನೊಳಗೆ ಒಂದು ಗಂಟೆ ಸುರಿಸಿ, ಗನ್ನು ಅಲ್ಲಾಡದಂತೆ ನಿಂತಿದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಹೊಸ ಜಾಗಕ್ಕೆ ತಿರುಗಿಸಿದಳು. ಎರಡು ಪಾಯಿಂಟ್ ಒಂದು, ಅಲ್ಲಿಂದ ಇಳಿತ. ಅವಳಿಗೆ ಎದ್ದು ಕುಣಿಯಬೇಕೆನ್ನಿಸಿತು, ಕುಣಿಯಲು ಕೋಣೆಯಲ್ಲಿ ಜಾಗವಿರಲಿಲ್ಲ. ಗನ್ನು ಶುರುವಿನಲ್ಲೇ ಹದಕ್ಕೆ ಬಂದುಬಿಡುತ್ತಿತ್ತು. ಆ ಅರ್ಧ ಗಂಟೆ ಬದಲಾಗುತ್ತಿದ್ದದ್ದು ತಾಮ್ರ. ಗಾಳಿಯಲ್ಲಿ ಇದ್ದಷ್ಟು ದಿನ ತಾಮ್ರದ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಕೂರುತ್ತದೆ, ಆ ಪೊರೆ ಇರುವಾಗ ತಾಮ್ರ ಧಾರಾಳಿ. ಕಿರಣ ಬಡಿದು ಬಡಿದು ಆ ಪೊರೆಯನ್ನು ಉಜ್ಜಿ ಹಾಕುತ್ತಿತ್ತು. ಇಪ್ಪತ್ತಾರು ವರ್ಷದಿಂದ ಆ ಕೋಣೆಯವರು ಲೋಹದ ಮುಖ ತೊಳೆದು, ಆಮೇಲೆ ಅದರ ಫೋಟೋ ತೆಗೆಯುತ್ತಿದ್ದರು.

ಕುಣಿಯುವ ಆಸೆ ಇಳಿದದ್ದು ಮನೆಗೆ ನಡೆಯುವಾಗ. ಟ್ಯೂಬಿನೊಳಗಿನ ತಾಮ್ರವನ್ನು ಯಾವ ಕಿರಣವೂ ಉಜ್ಜಿರುವುದಿಲ್ಲ. ಅದು ಗಾಳಿ ಕಂಡ ತಾಮ್ರ, ಅದರ ಅಂಕಿ ಎರಡು ಪಾಯಿಂಟ್ ಒಂದು. ನಲವತ್ತು ವ್ಯಾಟಿಗೆ ಹೊತ್ತಿಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ? ದೊಡ್ಡಪ್ಪನ ಕೈ ಶುದ್ಧವಿತ್ತು. ಈ ಮಾತು ಬಿಸಿ ತುಪ್ಪದ ಹಾಗೆ ಅವಳ ಬಾಯಲ್ಲಿ ಕೂತಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಹೇಳಿದರೆ ದೊಡ್ಡಮ್ಮನ ಬದುಕಿನ ಕೆಲಸಕ್ಕೆ ತಾನೇ ಕೊಡಲಿ ಇಟ್ಟ ಹಾಗೆ. ಹೇಳದಿದ್ದರೆ ಶನಿವಾರ ದೊಡ್ಡಪ್ಪ ಕೊಳಕು ಕೈಯವನೆಂಬ ಹೆಸರು ಹೊತ್ತೇ ಮನೆಗೆ ಬರುತ್ತಾನೆ.

ರಾತ್ರಿಯ ಊಟಕ್ಕೆ ಮೂವರೂ ಕೂತಾಗ ಅವಳು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತು ತೆಗೆದಳು. ಆ ಹಳೇ ಟ್ಯೂಬು ಕೊನೆಗೆ ಏನಾಯಿತು ಎಂದು ದೊಡ್ಡಪ್ಪನನ್ನು ಕೇಳಿದಳು. ಮೂರು ದಿನ ಉರಿದು ಆಮೇಲೆ ತಾನೇ ಸುಮ್ಮನಾಯಿತು ಎಂದು ಅವನು ನೀರಿನ ಲೋಟದ ಕಡೆ ನೋಡುತ್ತ ಹೇಳಿದ. ಉರಿದು ಉರಿದು ಅದರ ಪೊರೆಯೂ ಉಜ್ಜಿಹೋಗಿದೆ ಎಂದು ಯಾಕಮ್ಮ ಮನಸ್ಸಿನಲ್ಲೇ ಅಂದುಕೊಂಡಳು. ಕೊಳೆ ಇದ್ದದ್ದು ಸುಟ್ಟುಹೋಯಿತು, ಇನ್ನೇನು, ಎಂದು ದೊಡ್ಡಮ್ಮ ಅನ್ನ ಬಡಿಸುತ್ತ ಸೇರಿಸಿದಳು. ಅವಳ ದನಿಯಲ್ಲಿ ಕಹಿಯಿರಲಿಲ್ಲ, ಆ ಮಾತು ಆ ಮನೆಯಲ್ಲಿ ಅಷ್ಟು ಹಳೆಯದಾಗಿತ್ತು. ದೊಡ್ಡಪ್ಪ ನಕ್ಕ. ಇಪ್ಪತ್ತೊಂದು ವರ್ಷ ಅವನು ಹೀಗೇ ನಕ್ಕಿದ್ದಾನೆ ಎಂದು ಯಾಕಮ್ಮನಿಗೆ ಹೊಳೆಯಿತು. ಅನ್ನ ಸಾಕು ಎಂದು ಎದ್ದಳು.

ಬುಧವಾರ ಬೆಳಿಗ್ಗೆ ಅಳತೆಕೋಣೆಯ ಬಾಗಿಲು ಹಾಕಿ, ಅವಳು ಎಲ್ಲವನ್ನೂ ಹೇಳಿದಳು. ದೊಡ್ಡಮ್ಮ ಕನ್ನಡಕ ತೆಗೆಯದೆಯೇ ಕೇಳಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಆಕೆ. ಮೊದಲು ಪಂಪಿನ ಮೇಲೆ ಅನುಮಾನ ಪಟ್ಟಳು, ಆಮೇಲೆ ಮೀಟರಿನ ಮೇಲೆ, ಆಮೇಲೆ ಯಾಕಮ್ಮನ ಮೊಣಕೈ ಮೇಲೆ. ಗನ್ನು ಬಿಸಿಯಾಗುವ ಮೊದಲೇ ಓದಿದ ಅಂಕಿಗೆ ಕಾಸಿನ ಬೆಲೆ ಇಲ್ಲ ಎಂದು ತಾನು ಎಷ್ಟು ಸಲ ಹೇಳಿಲ್ಲ ಎಂದಳು. ಯಾಕಮ್ಮ ಕುರ್ಚಿಯಿಂದ ಎದ್ದು ಜಾಗ ಬಿಟ್ಟಳು.

"ನೀವೇ ನೋಡಿ ಮೇಡಂ. ಬಟ್ಟಲಿಗೆ ಬಿಟ್ಟು ಬಿಸಿ ಮಾಡಿಟ್ಟಿದ್ದೀನಿ. ಹೊಸ ಜಾಗ ನೀವೇ ಆರಿಸ್ಕೊಳ್ಳಿ."

ದೊಡ್ಡಮ್ಮ ಕೂತಳು. ಒಂದು ಜಾಗ ಹಿಡಿದು ಹತ್ತು ನಿಮಿಷ ನೋಡಿದಳು, ಇನ್ನೊಂದು ಹಿಡಿದು ನೋಡಿದಳು. ಮೂರನೆಯದಕ್ಕೆ ಬರುವಷ್ಟರಲ್ಲಿ ಬೈಯುವುದನ್ನು ಮರೆತಿದ್ದಳು. ಮುಳ್ಳಿನ ಮೇಲೆ ಬಗ್ಗಿದ ಆಕೆಯ ಮುಖದಲ್ಲಿ ಯಾಕಮ್ಮ ಮೊದಲ ಸಲ ತನ್ನದೇ ಚಾಳಿಯನ್ನು ಕಂಡಳು. ಕಿರಣವನ್ನು ಮೆಲ್ಲಗೆ ಸರಿಸಿದರೆ ಉಜ್ಜಿದ ಜಾಗದ ಅಂಚು ತಿಳಿಯುತ್ತದೆಯೇ ಎಂದು ಆಕೆಯೇ ಪರೀಕ್ಷಿಸಿದಳು. ತಿಳಿಯಿತು. ಅಂಚಿನಲ್ಲಿ ಮುಳ್ಳು ಮೆಟ್ಟಿಲಿಳಿದಂತೆ ಇಳಿಯುತ್ತಿತ್ತು. ಎಷ್ಟು ಚೆಂದ ಕಾಣ್ತಿದೆ ನೋಡು ಎಂದು ಆಕೆ ತನ್ನಷ್ಟಕ್ಕೇ ಹೇಳಿಕೊಂಡಳು. ಹೇಳಿದವಳೇ ತಿರುಗಣೆಯಿಂದ ಕೈ ತೆಗೆದಳು. ಆ ಟ್ಯೂಬಿನ ನೆನಪು ಆಕೆಗೆ ಬಂದದ್ದು ಆ ಕ್ಷಣದಲ್ಲಿ ಎಂದು ಯಾಕಮ್ಮನಿಗೆ ಗೊತ್ತಾಯಿತು.

ದೊಡ್ಡಮ್ಮ ಕಪಾಟಿನ ಕೆಳಗಿನ ಖಾನೆಯ ಮುಂದೆ ನೆಲದ ಮೇಲೆ ಕೂತು ಇಪ್ಪತ್ತೊಂದು ವರ್ಷದ ಹಿಂದಿನ ಪುಸ್ತಕ ಹುಡುಕಿದಳು. ದೊಡ್ಡಪ್ಪನ ಟ್ಯೂಬಿಗೆ ಬಳಸಿದ ಅದೇ ತಗಡಿನಿಂದ ಕತ್ತರಿಸಿದ ಒಂದು ಚೂರನ್ನು ಅವತ್ತು ಆಕೆಯೇ ಅಳೆದಿದ್ದಳು. ಪುಟ ಸಿಕ್ಕಿತು. ಕೆಳಗೆ ಶಾಯಿಯಲ್ಲಿ ಒಂದು ಪಾಯಿಂಟ್ ಮೂರು, ಅಡಿಗೆರೆ ಬೇರೆ. ಮೇಲೆ, ಯಾರೂ ತಿರುಗಿ ನೋಡದ ಪೆನ್ಸಿಲಿನ ಸಾಲಿನಲ್ಲಿ, ಐದನೇ ನಿಮಿಷಕ್ಕೆ ಎರಡು, ಹತ್ತನೇ ನಿಮಿಷಕ್ಕೆ ಒಂದು ಪಾಯಿಂಟ್ ಏಳು, ಹೀಗೇ ಕೆಳಗೆ. ಎಲ್ಲದಕ್ಕೂ ಮೊದಲು, ಸೊನ್ನೆ ನಿಮಿಷದ ಎದುರು, ಎರಡು ಪಾಯಿಂಟ್ ಒಂದು. ಎಲ್ಲವೂ ದೊಡ್ಡಮ್ಮನದೇ ಗುಂಡು ಅಕ್ಷರ.

"ನನ್ನ ಕೈಯಾರೆ ಬರೆದಿದ್ದೀನಿ," ಎಂದಳು ದೊಡ್ಡಮ್ಮ. ಪುಟದ ಮೇಲಿಂದ ಬೆರಳು ತೆಗೆಯಲಿಲ್ಲ. "ಅವರು ತಾಮ್ರದ್ದೇ ತಪ್ಪು ಅಂದ್ರು. ನಾನು ಉಜ್ಜಿ ತೆಗೆದು, ಆಮೇಲೆ ನೋಡಿ, ಏನೂ ಇಲ್ಲ ಅಂದೆ. ಎಲ್ಲಾರ ಎದುರಿಗೆ ಅಂದೆ ಕಣೇ."

ಆಕೆಗೆ ನಾಚಿಕೆಯಾಗಿತ್ತು, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ಸ್ವಲ್ಪ ಹೊತ್ತು ನೆಲದ ಮೇಲೇ ಕೂತಿದ್ದು ಮೂಗು ಒರೆಸಿಕೊಂಡಳು. ಯಾಕಮ್ಮ ಸಮಾಧಾನಕ್ಕೆಂದು, ಆ ಪೆನ್ಸಿಲಿನ ಸಾಲು ಎಲ್ಲ ಪುಸ್ತಕಗಳಲ್ಲೂ ಇರುವುದರಿಂದ ಇಡೀ ಕೋಷ್ಟಕವನ್ನು ಹೊಸದಾಗಿ ಬರೆಯಬಹುದು, ಒಂದು ಕೆಲಸವೂ ಹಾಳಾಗಿಲ್ಲ ಎಂದಳು. ಅದು ನಿಜವಾಗಿತ್ತು. ದೊಡ್ಡಮ್ಮ ತಲೆಯಾಡಿಸಿ, ಅದು ಆಮೇಲಿನ ಮಾತು ಎಂದು ಎದ್ದು, ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡಳು. ಯಾಕಮ್ಮ ಎರಡು ದಿನದಲ್ಲಿ ಹೊಸ ಹೊಸ ಜಾಗ ಹಿಡಿದು ಎಳೆದಿದ್ದ ತಾಮ್ರದ ಅಂಕಿಗಳ ನಕ್ಷೆಯನ್ನೂ ಕೇಳಿ ಪಡೆದು ಮೆಟ್ಟಿಲಿಳಿದಳು. ಯಾಕಮ್ಮ ಹಿಂದಿನಿಂದ ಇಳಿದಳು.

ನೆಲಮಾಳಿಗೆಯ ಕಿಟಕಿಯ ಮುಂದೆ ಇಬ್ಬರು ನಿಂತಿದ್ದರು. ಒಬ್ಬ ಬಣ್ಣ ಬಳಿಯುವವನು, ಒಬ್ಬಳು ಗಾಜು ಊದುವವಳು. ಮೇಡಂ ಬಂದದ್ದು ಕಂಡು ಅವರು ಜಾಗ ಬಿಡಲು ಹೋದರು; ದೊಡ್ಡಮ್ಮ ಬೇಡವೆಂದು ಅವರ ಹಿಂದೆ ನಿಂತಳು. ಇಪ್ಪತ್ತೊಂದು ವರ್ಷದಲ್ಲಿ ಆಕೆ ಆ ಕಿಟಕಿಗೆ ಚೀಟಿ ಕಳಿಸಿದ್ದುಂಟು, ಬಂದದ್ದಿಲ್ಲ. ದೊಡ್ಡಪ್ಪ ಇಬ್ಬರಿಗೂ ಕೊಡಬೇಕಾದದ್ದನ್ನು ಅವಸರವಿಲ್ಲದೆ ಎಣಿಸಿ ಕೊಟ್ಟು, ಅವರ ಸಹಿ ಪಡೆದ. ಅವರು ಸಹಿ ಹಾಕಿದರೂ ಹೋಗಲಿಲ್ಲ. ಏನೋ ನಡೆಯುತ್ತದೆ ಎಂದು ಅವರಿಗೂ ವಾಸನೆ ಬಡಿದಿತ್ತು.

"ಏನು ಬೇಕು ಮೇಡಂ?" ಎಂದು ದೊಡ್ಡಪ್ಪ ಕೇಳಿದ.

ದೊಡ್ಡಮ್ಮ ಪುಸ್ತಕ ತೆರೆದು ಕಿಟಕಿಯೊಳಗೆ ಸರಿಸಿ, ಸೊನ್ನೆ ನಿಮಿಷದ ಅಂಕಿಯನ್ನು ತೋರಿಸಿದಳು. ನಕ್ಷೆಯನ್ನು ಅದರ ಪಕ್ಕದಲ್ಲಿ ಹರಡಿದಳು. ಮುಳ್ಳಿನ ಕತೆಯನ್ನು ನಾಲ್ಕೇ ವಾಕ್ಯದಲ್ಲಿ ಹೇಳಿದಳು, ಎಲ್ಲಿಯೂ ತಡವರಿಸಲಿಲ್ಲ. ದೊಡ್ಡಪ್ಪ ಒಂದು ಖಾಲಿ ಚೀಟಿಯನ್ನು ಹಿಂಬದಿಗೆ ತಿರುಗಿಸಿ, ಎರಡು ಪಾಯಿಂಟ್ ಒಂದಾದರೆ ಟ್ಯೂಬು ಎಷ್ಟು ವ್ಯಾಟಿಗೆ ಹೊತ್ತಿಕೊಳ್ಳಬೇಕು ಎಂದು ಲೆಕ್ಕ ಹಾಕಲು ಶುರು ಮಾಡಿದ. ಟ್ಯೂಬಿನ ಅಗಲ, ಅಲೆಯ ಆವರ್ತನ, ಗೋಡೆಯಿಂದ ಗೋಡೆಗೆ ಎಲೆಕ್ಟ್ರಾನು ದಾಟುವ ಹೊತ್ತು, ಒಂದನ್ನೂ ಅವನು ಯಾರನ್ನೂ ಕೇಳಲಿಲ್ಲ, ಎಲ್ಲಿಯೂ ಹುಡುಕಲಿಲ್ಲ. ನಿನ್ನೆ ಕಟ್ಟಿ ಬಂದವನ ಹಾಗೆ ಎಲ್ಲವೂ ಅವನ ತಲೆಯಲ್ಲಿತ್ತು. ಚೀಟಿ ಸಾಲದೆ ಅವನು ಇನ್ನೊಂದು ತೆಗೆದುಕೊಂಡ. ಬಣ್ಣದವನು ಕತ್ತು ಚಾಚಿ ನೋಡಿದ.

"ನಲವತ್ತೆರಡು," ಎಂದ ದೊಡ್ಡಪ್ಪ. "ನಲವತ್ತಕ್ಕೆ ಹೊತ್ತಿಕೊಳ್ತು ಅಂತ ಬರೆದಿದ್ದೆ. ನಲವತ್ತೆರಡು ಬರ್ತಿದೆ."

ಅವನು ಪೆನ್ಸಿಲು ಕೆಳಗಿಟ್ಟು, ಆ ಅಂಕಿಯನ್ನೇ ನೋಡುತ್ತ ಕೂತ. ಅವನ ಮುಖದಲ್ಲಿ ಮೊದಲು ಬಂದದ್ದು ಸಂತೋಷ, ಒಗಟು ಬಿಡಿಸಿದವನ ಬರೀ ಸಂತೋಷ. ಆಮೇಲೆ ಬಂದ ಸಿಟ್ಟನ್ನು ಯಾಕಮ್ಮ ಮನೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ. ಕಿಟಕಿಯ ಚೌಕಟ್ಟನ್ನು ಹಿಡಿದು ಎದ್ದು ನಿಂತ.

"ತಪ್ಪು ನನ್ನದು ರೀ," ಎಂದಳು ದೊಡ್ಡಮ್ಮ ತಗ್ಗಿದ ದನಿಯಲ್ಲಿ. "ಮನೆಗೆ ಹೋಗೋಣ ಬನ್ನಿ. ಎಲ್ಲಾ ಸರಿಯಾಗಿ ಹೇಳ್ತೀನಿ."

"ಮನೇಲಿ ಹೇಳ್ಬೇಡಿ ಮೇಡಂ," ಎಂದ ದೊಡ್ಡಪ್ಪ. "ಮನೇಲಿ ನಾನು ಗಂಡ. ಆಗಲಿ ಬಿಡು ಅಂದ್ಬಿಡ್ತೀನಿ, ಅಲ್ಲಿಗೆ ಮುಗಿದೋಗತ್ತೆ. ಕೊಳಕು ಅಂತ ಬರೆದದ್ದು ಇಲ್ಲಿ. ಇಲ್ಲೇ ಬರೆದುಕೊಡಿ."

ಯಾಕಮ್ಮ ದೊಡ್ಡಮ್ಮನ ಮುಖವನ್ನು ನೋಡಲಾರದೆ ನೆಲ ನೋಡಿದಳು. ದೊಡ್ಡಮ್ಮ ಒಂದು ಕ್ಷಣವೂ ಮೀನ ಮೇಷ ಎಣಿಸಲಿಲ್ಲ. ಒಂದು ಹಾಳೆ ಕೊಡಿ ಎಂದು ಕೇಳಿದಳು. ಅವನು ಕೊಟ್ಟ. ಆಕೆ ಕಿಟಕಿಯ ಕಟ್ಟೆಯ ಮೇಲೆ ಬಗ್ಗಿ, ಕಮ್ಮಟದ ಟ್ಯೂಬಿನ ಜೋಡಣೆ ಶುದ್ಧವಾಗಿತ್ತು, ಅಳತೆಯೇ ತಪ್ಪಾಗಿತ್ತು, ಅಳೆದದ್ದು ತಾನು, 'ಜೋಡಣೆಯಲ್ಲಿ ಅಶುಚಿ' ಎಂಬ ಮಾತನ್ನು ಸೇವಾ ಪುಸ್ತಕದಿಂದ ತೆಗೆಯತಕ್ಕದ್ದು ಎಂದು ಬರೆದಳು. ಬರೆದದ್ದನ್ನು ನಿಂತಿದ್ದ ಇಬ್ಬರಿಗೂ ಕೇಳುವಂತೆ ಓದಿದಳು. ಸಹಿ ಹಾಕಿ ಹಾಳೆಯನ್ನು ಒಳಗೆ ಸರಿಸಿದಳು.

ದೊಡ್ಡಪ್ಪ ಅದನ್ನು ಎರಡು ಸಲ ಓದಿದ. ಓದಿ, ಸ್ಟೋರಿನವನ ಅಭ್ಯಾಸದಂತೆ ಕೆಳಗಿನ ಮೂಲೆಯನ್ನು ನೋಡಿ, ಹಾಳೆಯನ್ನು ಆಕೆಯ ಕಡೆಗೇ ತಿರುಗಿಸಿದ.

"ತಾರೀಖು ಹಾಕಿಲ್ಲ."

ದೊಡ್ಡಮ್ಮ ಪೆನ್ನು ಎತ್ತಿಕೊಂಡವಳು ಹಾಗೇ ನಿಂತಳು.

"ಯಾವುದು ಹಾಕ್ಲಿ? ಇವತ್ತಿನದಾ, ಆ ವರದಿ ದಿನದ್ದಾ?"

ಅವನು ಯೋಚಿಸಿದ. ಬಣ್ಣದವನು, ಗಾಜಿನವಳು, ಯಾಕಮ್ಮ, ಎಲ್ಲರೂ ಕಾದರು.

"ಎರಡೂ ಹಾಕು," ಎಂದ.